ದೇಶಕ್ಕಿಂತ ಮೊದಲು ಹುಟ್ಟಿದ ತಂಡ

ಆಫ್ರಿಕಾದ ಫುಟ್ಬಾಲ್ ಎಂದೊಡನೆ ನಮ್ಮಲ್ಲಿ ಒಂದು ತಲೆಮಾರಿನವರ ಕಣ್ಣ ಮುಂದೆ ಬರುವುದು 1990ರ ಕ್ಯಾಮರೂನ್. ಮೂವತ್ತೆಂಟರ ರೋಜೆ ಮಿಲ್ಲಾ ಗೋಲು ಹೊಡೆದು, ಮೂಲೆಯ ಬಾವುಟದ ಹತ್ತಿರ ಓಡಿ ಸೊಂಟ ಕುಣಿಸಿದ್ದನ್ನು ಟಿವಿಯಲ್ಲಿ ಕಂಡವರು ಇವತ್ತಿಗೂ ಮರೆತಿಲ್ಲ. ಅವರಿಗಿಂತ ಕಿರಿಯರು 1996ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನೈಜೀರಿಯಾದ ಹೆಸರು ಹೇಳುತ್ತಾರೆ. ಈಚಿನವರಿಗೆ ಕತಾರ್‌ನಲ್ಲಿ ಸೆಮಿಫೈನಲ್ ಮುಟ್ಟಿದ ಮೊರಾಕ್ಕೊ. ನನ್ನ ಮನಸ್ಸು ಮಾತ್ರ ಇವರೆಲ್ಲರನ್ನೂ ದಾಟಿ ಅಲ್ಜೀರಿಯಾದ ಹತ್ತಿರ ಹೋಗಿ ನಿಲ್ಲುತ್ತದೆ. ಪ್ರಶಸ್ತಿಗಳ ಲೆಕ್ಕ ಹಿಡಿದರೆ ಇದು ವಿಚಿತ್ರವಾದ ಆಯ್ಕೆ. ಈಜಿಪ್ಟ್ ಏಳು ಸಲ ಆಫ್ರಿಕಾ ಕಪ್ ಗೆದ್ದಿದೆ, ಕ್ಯಾಮರೂನ್ ಐದು ಸಲ. ಅಲ್ಜೀರಿಯಾದ ಬಳಿ ಇರುವುದು ಎರಡು, 1990ರದ್ದು ಮತ್ತು 2019ರದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಪ್‌ಗಳಲ್ಲ, ಆ ತಂಡ ಹುಟ್ಟಿದ ರೀತಿ. ಸಾಮಾನ್ಯವಾಗಿ ಮೊದಲು ದೇಶ ಸ್ವತಂತ್ರವಾಗುತ್ತದೆ, ಬಾವುಟ ಏರುತ್ತದೆ, ಸರ್ಕಾರ ಬರುತ್ತದೆ. ಕ್ರೀಡಾ ಇಲಾಖೆ, ಒಂದು ಫೆಡರೇಷನ್, ಹನ್ನೊಂದು ಜನರ ತಂಡ ಇವೆಲ್ಲ ಆಮೇಲಿನವು. ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ತಂಡ ಮೊದಲು ಬಂತು. ದೇಶ ಬಂದದ್ದು ನಾಲ್ಕು ವರ್ಷ ತಡವಾಗಿ.

1958ರ ಏಪ್ರಿಲ್ 13, ಭಾನುವಾರ. ಫ್ರಾನ್ಸಿನ ಸೆಂತ್ ಎತಿಯೆನ್ ಕ್ಲಬ್ಬಿನ ಪರವಾಗಿ ಆಡುತ್ತಿದ್ದ ಇಪ್ಪತ್ತೊಂದರ ರಶೀದ್ ಮೆಖ್ಲೂಫಿ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ಮರುದಿನ ಇಬ್ಬರು ಬಂದು ಅವರನ್ನು ಆಸ್ಪತ್ರೆಯಿಂದ ಎಬ್ಬಿಸಿಕೊಂಡು ಕಾರಿನಲ್ಲಿ ಕೂರಿಸಿ ಸ್ವಿಟ್ಜರ್ಲೆಂಡಿನ ಗಡಿಯತ್ತ ಹೊರಟರು. ಒಬ್ಬರು ಲಿಯೋನ್ ಕ್ಲಬ್ಬಿನ ಅಬ್ದುಲ್ ಹಮೀದ್ ಕರ್ಮಾಲಿ, ಇನ್ನೊಬ್ಬರು ಹಿರಿಯ ಆಟಗಾರ ಮೊಖ್ತಾರ್ ಅರಿಬಿ. ಮೆಖ್ಲೂಫಿ ಆಗ ಫ್ರೆಂಚ್ ಸೇನೆಯಲ್ಲಿ ಕಡ್ಡಾಯ ಸೇವೆಯಲ್ಲಿದ್ದವರು. ಹಿಂದಿನ ವರ್ಷವಷ್ಟೇ ಸೈನಿಕರ ವಿಶ್ವಕಪ್ಪನ್ನು ಫ್ರಾನ್ಸಿಗೆ ಗೆದ್ದುಕೊಟ್ಟ ತಂಡದಲ್ಲಿದ್ದವರು. ಸಿಕ್ಕಿಬಿದ್ದಿದ್ದರೆ ಅವರು ಒಪ್ಪಂದ ಮುರಿದ ಫುಟ್ಬಾಲ್ ಆಟಗಾರ ಎನಿಸುತ್ತಿರಲಿಲ್ಲ. ಯುದ್ಧಕಾಲದಲ್ಲಿ ಸೇನೆ ಬಿಟ್ಟು ಓಡಿದ ಸೈನಿಕ ಎನಿಸುತ್ತಿದ್ದರು. ಗಡಿಯ ಕಾವಲುಗಾರರು ಅವರ ಗುರುತು ಹಿಡಿದರು. ಆದರೆ ಹಿಡಿದದ್ದು ಅಭಿಮಾನಿಗಳಾಗಿ. ಆಟಗಾರರು ಮಾಯವಾಗುತ್ತಿರುವ ಸುದ್ದಿ ಆ ಗಡಿಯನ್ನು ಇನ್ನೂ ತಲುಪಿರಲಿಲ್ಲ.

ಅದೇ ಒಂದೆರಡು ದಿನಗಳಲ್ಲಿ ಫ್ರೆಂಚ್ ಲೀಗಿನ ಹತ್ತರಷ್ಟು ಅಲ್ಜೀರಿಯನ್ ಆಟಗಾರರು ಹೀಗೆ ಕಾಣೆಯಾದರು. ಮೊನಾಕೊ ಕ್ಲಬ್ಬಿನಿಂದಲೇ ಮುಸ್ತಫಾ ಜಿತೂನಿ, ಬೆನ್ ತಿಫೂರ್, ಗೋಲ್‌ಕೀಪರ್ ಬೂಬೆಕರ್, ಬೆಖ್ಲೂಫಿ; ತೂಲೂಸ್‌ನಿಂದ ಬ್ರಾಹಿಮಿ ಮತ್ತು ಬೂಶೂಕ್; ಆಂಜೆಯಿಂದ ರೂವಾಯಿ. ಕೆಲವರು ಸ್ವಿಟ್ಜರ್ಲೆಂಡಿನ ಮೂಲಕ, ಕೆಲವರು ಇಟಲಿಯ ಮೂಲಕ ಹೊರಬಿದ್ದು ಪಕ್ಕದ ಟ್ಯುನೀಶಿಯಾದ ರಾಜಧಾನಿ ಟ್ಯುನಿಸ್ ತಲುಪಿದರು. ಎಲ್ಲರ ಅದೃಷ್ಟವೂ ಒಂದೇ ಥರ ಇರಲಿಲ್ಲ. ಹಸನ್ ಶಬ್ರಿ ಇಟಲಿಯ ಗಡಿಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಇದನ್ನೆಲ್ಲ ಹೆಣೆದವರು ಮೊಹಮದ್ ಬೂಮೆಜ್ರಾಗ್, ತಾವೂ ಫ್ರಾನ್ಸಿನಲ್ಲಿ ಆಡಿದ್ದ ಹಳೆಯ ಆಟಗಾರ. ಹಿಂದೆ ಇದ್ದ ಸಂಘಟನೆ ಎಫ್‌ಎಲ್‌ಎನ್, ಅಂದರೆ 1954ರಿಂದ ಫ್ರಾನ್ಸಿನ ವಿರುದ್ಧ ಸಶಸ್ತ್ರ ಹೋರಾಟ ನಡೆಸುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗ.

ಅವರು ಬಿಟ್ಟುಹೋದದ್ದು ಏನನ್ನು ಎಂಬುದನ್ನು ಸ್ವಲ್ಪ ನೋಡಬೇಕು. ಆ ವರ್ಷದ ಜೂನ್‌ನಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್ ಇತ್ತು. ಜಿತೂನಿ ಮತ್ತು ಮೆಖ್ಲೂಫಿ ಇಬ್ಬರೂ ಫ್ರಾನ್ಸಿನ ಸಂಭಾವ್ಯ ಆಟಗಾರರ ಪಟ್ಟಿಯಲ್ಲಿದ್ದರು. ಜಿತೂನಿ ಹಿಂದಿನ ತಿಂಗಳಷ್ಟೇ ಸ್ಪೇನ್ ವಿರುದ್ಧದ ಪಂದ್ಯದಲ್ಲಿ ಆ ಕಾಲದ ದೊಡ್ಡ ತಾರೆ ಡಿ ಸ್ಟೆಫಾನೊ ಅವರನ್ನು ಎದುರಿಸಿ ಆಡಿದ ಡಿಫೆಂಡರ್. ರಿಯಲ್ ಮ್ಯಾಡ್ರಿಡ್ ಅವರ ಮೇಲೆ ಕಣ್ಣಿಟ್ಟಿತ್ತು ಎನ್ನುತ್ತಾರೆ. ಫ್ರಾನ್ಸ್ ಆ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಜ್ಯೂಸ್ತ್ ಫೋಂತೇನ್ ಹದಿಮೂರು ಗೋಲು ಹೊಡೆದರು, ಆ ದಾಖಲೆ ಇನ್ನೂ ಮುರಿದಿಲ್ಲ. ಸೆಮಿಫೈನಲ್‌ನಲ್ಲಿ ರಕ್ಷಣೆಯ ಆಧಾರವಾಗಿದ್ದ ಜೋಂಕೆ ಗಾಯಗೊಂಡು, ಬದಲಿ ಆಟಗಾರರ ಪದ್ಧತಿ ಇಲ್ಲದ ಆ ಕಾಲದಲ್ಲಿ ಫ್ರಾನ್ಸ್ ಕುಂಟುತ್ತಾ ಆಡಿ ಬ್ರೆಜಿಲ್‌ಗೆ 5-2ರಿಂದ ಸೋತಿತು. ಜಿತೂನಿ ಇದ್ದಿದ್ದರೆ ಎಂದು ಫ್ರೆಂಚರು ಆಮೇಲೆ ಎಷ್ಟು ಸಲ ಕೇಳಿಕೊಂಡರೋ.

ಈ ಆಟಗಾರರೆಲ್ಲ ದೇಶಪ್ರೇಮದ ಅಮಲಿನಲ್ಲಿ ಎದ್ದು ಓಡಿದರು ಎಂದು ಬರೆದುಬಿಡುವುದು ಸುಲಭ. ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಎಫ್‌ಎಲ್‌ಎನ್ ಮೃದು ಸ್ವಭಾವದ ಸಂಘಟನೆಯಾಗಿರಲಿಲ್ಲ. ಫ್ರಾನ್ಸಿನಲ್ಲಿದ್ದ ಅಲ್ಜೀರಿಯನ್ ಕೂಲಿಕಾರರಿಂದ ಹಿಡಿದು ಫುಟ್ಬಾಲ್ ತಾರೆಯರವರೆಗೆ ಎಲ್ಲರಿಂದಲೂ ಅದು ವಂತಿಗೆ ಎತ್ತುತ್ತಿತ್ತು. ಅದರ ಕರೆ ಬಂದಾಗ ಬೇಡ ಎನ್ನುವುದಕ್ಕೂ ಧೈರ್ಯ ಬೇಕಿತ್ತು. ಕೆಲವರಿಗೆ ಹೆಂಡತಿ ಮಕ್ಕಳಿದ್ದರು, ಹಾಸುಹೊಕ್ಕಾಗಿ ಬೆಳೆದ ಫ್ರೆಂಚ್ ಬದುಕಿತ್ತು. ಆದರೆ ಆ ಕಾರಿನಲ್ಲಿದ್ದ ಮೂವರ ವಿಷಯದಲ್ಲಿ ಒಂದು ಸಂಗತಿ ನನ್ನನ್ನು ಸುಮ್ಮನಾಗಿಸುತ್ತದೆ. ಮೆಖ್ಲೂಫಿ, ಕರ್ಮಾಲಿ, ಅರಿಬಿ ಮೂವರೂ ಸೆತೀಫ್ ಊರಿನವರು. 1945ರ ಮೇ 8ರಂದು, ಯುರೋಪಿನಲ್ಲಿ ಮಹಾಯುದ್ಧ ಮುಗಿದ ಸಂಭ್ರಮದ ದಿನ, ಆ ಊರಿನಲ್ಲಿ ಸ್ವಾತಂತ್ರ್ಯ ಬೇಡಿ ಬಾವುಟ ಹಿಡಿದು ಹೊರಟ ಮೆರವಣಿಗೆಯ ಮೇಲೆ ಗುಂಡು ಹಾರಿತು. ಮೆರವಣಿಗೆಯಿಂದ ಹೊತ್ತಿಕೊಂಡ ದಂಗೆಯಲ್ಲಿ ಯುರೋಪಿಯನ್ ವಸಾಹತುಗಾರರೂ ಸತ್ತರು. ಅದಕ್ಕೆ ಪ್ರತಿಯಾಗಿ ವಾರಗಟ್ಟಲೆ ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಅಲ್ಜೀರಿಯನ್ನರ ಹತ್ಯೆ ನಡೆಯಿತು. ಮೆಖ್ಲೂಫಿಗೆ ಆಗ ಎಂಟು ವರ್ಷ. ಇಂಥ ಊರಿನ ಹುಡುಗರನ್ನು ಕರೆದೊಯ್ಯಲು ಬೆದರಿಕೆಯ ಅಗತ್ಯವಿತ್ತೇ ಎಂದು ಕೇಳಿದರೆ, ಇರಲಿಲ್ಲವೇನೋ.

ಟ್ಯುನಿಸ್‌ನಲ್ಲಿ ಕಟ್ಟಿದ ಆ ತಂಡ ಮೇ ತಿಂಗಳಿಂದಲೇ ಆಡತೊಡಗಿತು. ಜಾಗತಿಕ ಫುಟ್ಬಾಲ್ ಸಂಸ್ಥೆ ಫಿಫಾ ಅದನ್ನು ಒಪ್ಪಲಿಲ್ಲ; ಅದರೊಂದಿಗೆ ಆಡಿದವರಿಗೂ ಶಿಕ್ಷೆಯ ಎಚ್ಚರಿಕೆ ಕೊಟ್ಟಿತು. ಹಾಗಾಗಿ ಆ ತಂಡಕ್ಕೆ ಎದುರಾಳಿಗಳು ಸಿಕ್ಕಿದ್ದು ಅರಬ್ ದೇಶಗಳಲ್ಲಿ, ಪೂರ್ವ ಯುರೋಪಿನಲ್ಲಿ, ಚೀನಾದಲ್ಲಿ, ವಿಯೆಟ್ನಾಮಿನಲ್ಲಿ. ಕೆಲವು ಕಡೆ ಎದುರು ನಿಂತ ರಾಷ್ಟ್ರೀಯ ತಂಡ ಹೆಸರು ಬದಲಿಸಿಕೊಂಡು, ಯಾವುದೋ ನಗರದ್ದೋ ಕಾರ್ಮಿಕ ಸಂಘದ್ದೋ ತಂಡ ಎಂದು ಹೇಳಿಕೊಂಡು ಆಡುತ್ತಿತ್ತು. ಪಂದ್ಯಕ್ಕೆ ಮೊದಲು ತಮ್ಮ ಬಾವುಟ ಏರಬೇಕು, ತಮ್ಮ ಗೀತೆ ಮೊಳಗಬೇಕು ಎಂಬುದು ಅಲ್ಜೀರಿಯನ್ನರ ಹಟ. ಗೋಲುಗಳಿಗಿಂತ ಅವರಿಗೆ ಬೇಕಾಗಿದ್ದುದು ಆ ಒಂದೆರಡು ನಿಮಿಷ. ಹಾಗೆಂದು ಗೋಲುಗಳಿಗೇನೂ ಬರವಿರಲಿಲ್ಲ. ಬೆಲ್‌ಗ್ರೇಡ್‌ನಲ್ಲಿ ಯುಗೊಸ್ಲಾವಿಯವನ್ನು 6-1ರಿಂದ ಸೋಲಿಸಿದರು. ಯುಗೊಸ್ಲಾವಿಯ ಆಗ ಯುರೋಪಿನ ಬಲಾಢ್ಯ ತಂಡಗಳಲ್ಲೊಂದು, 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನ ಗೆದ್ದ ದೇಶ. ಹನೋಯಿಗೆ ಹೋದಾಗ ವಿಯೆಟ್ನಾಮಿನ ನಾಯಕ ಹೊ ಚಿ ಮಿನ್ ಮತ್ತು ಅವರ ಸೇನಾನಿ ಜನರಲ್ ಜ್ಯಾಪ್ ಈ ಆಟಗಾರರನ್ನು ಕಂಡು ಮಾತನಾಡಿಸಿದರು. ವಿಯೆಟ್ನಾಮೀಯರು ಫ್ರೆಂಚರನ್ನು ದೀನ್ ಬೀನ್ ಫೂ ಕದನದಲ್ಲಿ ಸೋಲಿಸಿ ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಅವರು ಏನು ಮಾತನಾಡಿಕೊಂಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ವಸಾಹತುಗಾರನ ಆಟದಲ್ಲೇ ವಸಾಹತುಗಾರನನ್ನು ಸೋಲಿಸುವ ಸುಖ ನಮಗೂ ಗೊತ್ತು. 1911ರಲ್ಲಿ ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಥೆಯನ್ನು ಬಂಗಾಳಿಗಳು ಇನ್ನೂ ಹೇಳುತ್ತಾರೆ. ಆದರೆ ಮೋಹನ್ ಬಗಾನ್ ಮಾಡಿದ್ದಕ್ಕೂ ಇದಕ್ಕೂ ಒಂದು ಅಂತರವಿದೆ. ಈ ಆಟಗಾರರು ಫ್ರಾನ್ಸನ್ನು ಮೈದಾನದಲ್ಲಿ ಸೋಲಿಸಲಿಲ್ಲ, ಅದರ ಮೈದಾನವನ್ನು ಬಿಟ್ಟು ನಡೆದರು. ಅಲ್ಜೀರಿಯಾ ಒಂದು ವಸಾಹತು ಅಲ್ಲ, ತನ್ನದೇ ನೆಲದ ಒಂದು ಭಾಗ ಎಂದು ಫ್ರಾನ್ಸ್ ವಾದಿಸುತ್ತಿದ್ದ ದಿನಗಳವು. ತನ್ನ ಅಂಗಿ ತೊಡುವ ಅವಕಾಶ ಕೈಯಲ್ಲಿರುವಾಗಲೇ ಇಬ್ಬರು ಹುಡುಗರು ಅದನ್ನು ಬೇಡವೆಂದು ಹೊರಟಾಗ ಆ ವಾದಕ್ಕೆ ಉತ್ತರ ಕೊಡುವುದು ಯಾವ ಮಂತ್ರಿಗೂ ಸುಲಭವಿರಲಿಲ್ಲ.

1962ರ ಜುಲೈ 5ರಂದು ಅಲ್ಜೀರಿಯಾ ಸ್ವತಂತ್ರವಾಯಿತು. ಆ ತಂಡದ ಕೆಲಸ ಮುಗಿಯಿತು.

ಮೆಖ್ಲೂಫಿ ಮುಂದೇನು ಮಾಡಿದರು ಎಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಜಿನೀವಾದಲ್ಲಿ ಕೆಲವು ತಿಂಗಳು ಆಡಿ ಅವರು ಸೆಂತ್ ಎತಿಯೆನ್‌ಗೇ ಮರಳಿದರು. ಗಣಿ ಕಾರ್ಮಿಕರ ಊರು ಅದು. ಅಲ್ಜೀರಿಯಾದ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಅಲ್ಲಿಯೂ ಇದ್ದಿರಬೇಕು. ಮರಳಿ ಬಂದ ಮೊದಲ ಪಂದ್ಯದಲ್ಲಿ ಅವರು ಮೈದಾನಕ್ಕಿಳಿದಾಗ ಜನ ಮೌನವಾಗಿದ್ದರಂತೆ. ಚೆಂಡು ಅವರ ಕಾಲಿಗೆ ಬಂದ ಮೇಲೆ ಮೌನ ಉಳಿಯಲಿಲ್ಲ. ಎರಡನೆಯ ದರ್ಜೆಗೆ ಇಳಿದಿದ್ದ ಕ್ಲಬ್ಬನ್ನು ಮೇಲೆತ್ತುವಲ್ಲಿ ಅವರ ಪಾಲಿತ್ತು. 1964, 1967, 1968ರಲ್ಲಿ ಲೀಗ್ ಗೆದ್ದ ತಂಡದಲ್ಲೂ ಅವರಿದ್ದರು. 1968ರ ಮೇ 12ರಂದು ಫ್ರೆಂಚ್ ಕಪ್‌ನ ಫೈನಲ್‌ನಲ್ಲಿ ಬೋರ್ದೊ ವಿರುದ್ಧ 2-1ರ ಗೆಲುವಿನ ಎರಡೂ ಗೋಲು ಅವರವೇ. ಪ್ಯಾರಿಸ್ಸಿನ ಬೀದಿಗಳಲ್ಲಿ ವಿದ್ಯಾರ್ಥಿಗಳು ಪೊಲೀಸರತ್ತ ಕಲ್ಲು ತೂರುತ್ತಿದ್ದ ವಾರ. ಕಪ್ ಕೈಗಿಟ್ಟವರು ಅಧ್ಯಕ್ಷ ಡಿ ಗಾಲ್. ‘ಫ್ರಾನ್ಸ್ ಎಂದರೆ ನೀವೇ’ ಎಂದು ಅವರು ಮೆಖ್ಲೂಫಿಗೆ ಹೇಳಿದರೆಂದು ಎಲ್ಲರೂ ಬರೆಯುತ್ತಾರೆ. ಹೇಳಿದರೋ, ಆಮೇಲೆ ಯಾರಾದರೂ ಹೇಳಿಸಿದರೋ! ಹತ್ತು ವರ್ಷದ ಹಿಂದೆ ಆಸ್ಪತ್ರೆಯಿಂದ ಎದ್ದು ಓಡಿಹೋದ ಸೈನಿಕನಿಗೆ ಆ ರಾಷ್ಟ್ರದ ಮುಖ್ಯಸ್ಥ ಕಪ್ ಕೊಟ್ಟು ಕೈಕುಲುಕಿದ್ದಂತೂ ಸುಳ್ಳಲ್ಲ.

ಹೊಸ ದೇಶದ ತಂಡಕ್ಕೆ ಆರಂಭ ಚೆನ್ನಾಗಿಯೇ ಆಯಿತು. 1964ರ ಜನವರಿ 1ರಂದು ಅಲ್ಜೀರ್ಸ್‌ಗೆ ಬಂದ ಪಶ್ಚಿಮ ಜರ್ಮನಿಯನ್ನು ಸ್ನೇಹಪಂದ್ಯದಲ್ಲಿ 2-0ರಿಂದ ಸೋಲಿಸಿದರು. ಆಮೇಲೆ ಬಹಳ ಕಾಲ ದೊಡ್ಡದೇನೂ ನಡೆಯಲಿಲ್ಲ. 1975ರಲ್ಲಿ ಅಲ್ಜೀರ್ಸ್‌ನಲ್ಲೇ ನಡೆದ ಮೆಡಿಟರೇನಿಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಎದುರಾಳಿ ಫ್ರಾನ್ಸ್, ಅದರ ಮುಖ್ಯ ತಂಡವಲ್ಲದಿದ್ದರೂ ಅಂಗಿಯ ಬಣ್ಣ ಅದೇ. ಕೊನೆಯ ಗಳಿಗೆಯಲ್ಲಿ ಬೆತ್ರೂನಿ ಸಮಗೊಳಿಸಿದರು, ಹೆಚ್ಚುವರಿ ಸಮಯದಲ್ಲಿ ಅಲ್ಜೀರಿಯಾ 3-2ರಿಂದ ಗೆದ್ದಿತು. ಸೋಲು ಖಚಿತವೆಂದು, ಫ್ರೆಂಚ್ ರಾಷ್ಟ್ರಗೀತೆಗೆ ಎದ್ದು ನಿಲ್ಲುವುದು ಬೇಡವೆಂದು ಅಧ್ಯಕ್ಷ ಬೂಮೆದಿಯೆನ್ ಗ್ಯಾಲರಿಯಿಂದ ಎದ್ದುಹೋಗಿದ್ದರು, ಸಮಗೊಳಿಸಿದ ಸುದ್ದಿ ಕೇಳಿ ಓಡಿಬಂದರು ಎಂಬ ಕಥೆಯಿದೆ. ಆ ತಂಡದ ಕೋಚ್ ಯಾರು? ಮೆಖ್ಲೂಫಿ.

1982ಕ್ಕೆ ಬರುವ ಹೊತ್ತಿಗೆ ಅಲ್ಜೀರಿಯಾದಲ್ಲಿ ಸಮಾಜವಾದಿ ಸರ್ಕಾರ ಫುಟ್ಬಾಲ್ ಕ್ಲಬ್ಬುಗಳನ್ನೆಲ್ಲ ಸರ್ಕಾರಿ ಉದ್ದಿಮೆಗಳಿಗೆ ಜೋಡಿಸಿಬಿಟ್ಟಿತ್ತು. ಆಟಗಾರ ಇಪ್ಪತ್ತೆಂಟು ತುಂಬುವವರೆಗೆ ವಿದೇಶಕ್ಕೆ ಹೋಗುವಂತಿಲ್ಲ ಎಂಬ ನಿಯಮವೂ ಇತ್ತು. ಆಟಗಾರರ ಪಾಲಿಗೆ ಇದು ಅನ್ಯಾಯ. ತಂಡದ ಪಾಲಿಗೆ ಮಾತ್ರ ವರವಾಯಿತು. ವರ್ಷಗಟ್ಟಲೆ ಒಟ್ಟಿಗೆ ಆಡಿದ್ದರಿಂದ ಬೆಲ್ಲೂಮಿ ಎಲ್ಲಿ ಓಡುತ್ತಾರೆ ಎಂಬುದು ಮಜೇರ್‌ಗೆ ತಿರುಗಿ ನೋಡದೆಯೇ ಗೊತ್ತಿರುತ್ತಿತ್ತು. ಪ್ಯಾರಿಸ್ಸಿನಲ್ಲಿ ಆಡುತ್ತಿದ್ದ ದಹ್ಲೆಬ್‌ರಂಥ ಕೆಲವರು ಬಂದು ಸೇರಿಕೊಂಡರು. ಆ ವಿಶ್ವಕಪ್ಪಿಗೆ ತಂಡವನ್ನು ಕರೆದೊಯ್ದ ಇಬ್ಬರು ತರಬೇತುದಾರರು ಮಹಿಯುದ್ದೀನ್ ಖಾಲೆಫ್ ಮತ್ತು ಮತ್ತೆ ಅದೇ ಮೆಖ್ಲೂಫಿ.

ಜೂನ್ 16ರಂದು ಸ್ಪೇನಿನ ಗಿಹೋನ್ ನಗರದಲ್ಲಿ ಮೊದಲ ಪಂದ್ಯ. ಎದುರಾಳಿ ಪಶ್ಚಿಮ ಜರ್ಮನಿ, ಯುರೋಪಿನ ಚಾಂಪಿಯನ್. ಸೋತರೆ ಮೊದಲ ರೈಲು ಹಿಡಿದು ಮನೆಗೆ ಹೋಗುತ್ತೇನೆ ಎಂಬರ್ಥದ ಮಾತನ್ನು ಜರ್ಮನ್ ಕೋಚ್ ಯುಪ್ ಡೆರ್ವಾಲ್ ಆಡಿದ್ದರು. 1964ರ ಸೋಲನ್ನು ಅವರ ಕಡೆಯ ಯಾರೂ ನೆನಪಿಸಲಿಲ್ಲವೇನೋ. 54ನೇ ನಿಮಿಷದಲ್ಲಿ ಬೆಲ್ಲೂಮಿ ಹೊಡೆದ ಚೆಂಡು ಗೋಲ್‌ಕೀಪರ್ ಶುಮಾಕರ್‌ಗೆ ಬಡಿದು ಮೇಲೆದ್ದಾಗ ಮಜೇರ್ ಅದನ್ನು ಗೋಲಿಗೆ ಸೇರಿಸಿದರು. 67ನೇ ನಿಮಿಷದಲ್ಲಿ ರುಮ್ಮೆನಿಗೆ ಸಮಗೊಳಿಸಿದರು. ಇನ್ನೇನು, ಲೋಕದ ಕ್ರಮ ಮತ್ತೆ ನೆಲೆಗೊಂಡಿತು ಎಂದು ಜನ ಅಂದುಕೊಂಡಿರಬೇಕು. ಮುಂದಿನ ನಿಮಿಷದಲ್ಲಿ ನಡೆದದ್ದನ್ನು ನಾನು ಇಂಟರ್ನೆಟ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ. ಮಧ್ಯಗೆರೆಯಿಂದ ಅಲ್ಜೀರಿಯಾ ಚೆಂಡು ಆರಂಭಿಸುತ್ತದೆ. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ, ಒಬ್ಬರಿಂದೊಬ್ಬರಿಗೆ ಸಾಗುತ್ತದೆ. ಜರ್ಮನ್ನರ ಕಾಲಿಗೆ ಒಮ್ಮೆಯೂ ತಾಗುವುದಿಲ್ಲ. ಎಡಬದಿಯಲ್ಲಿ ಅಸ್ಸಾದ್ ನುಗ್ಗಿ ಗೋಲಿನ ಮುಂದೆ ಹಾಯಿಸುತ್ತಾರೆ, ಬೆಲ್ಲೂಮಿ ಬಂದು ಮುಟ್ಟಿಸುತ್ತಾರೆ. 2-1. ವಿಶ್ವಕಪ್‌ನಲ್ಲಿ ಆಫ್ರಿಕಾದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಡೆರ್ವಾಲ್ ರೈಲು ಹತ್ತಲಿಲ್ಲ.

ಮುಂದಿನದನ್ನು ಫುಟ್ಬಾಲ್ ಬಲ್ಲವರು ‘ಗಿಹೋನ್‌ನ ಅವಮಾನ’ ಎಂದು ಕರೆಯುತ್ತಾರೆ. ಅಲ್ಜೀರಿಯಾ ಎರಡನೆಯ ಪಂದ್ಯವನ್ನು ಆಸ್ಟ್ರಿಯಾಕ್ಕೆ 0-2ರಿಂದ ಸೋತು, ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿತು. ಗುಂಪಿನ ಕೊನೆಯ ಪಂದ್ಯ, ಜರ್ಮನಿ ಮತ್ತು ಆಸ್ಟ್ರಿಯಾದ್ದು, ಮರುದಿನ. ಹಾಗಾಗಿ ತಮಗೆ ಏನು ಬೇಕೆಂಬುದು ಆ ಇಬ್ಬರಿಗೂ ಮೊದಲೇ ಗೊತ್ತಿತ್ತು: ಜರ್ಮನಿ ಒಂದು ಅಥವಾ ಎರಡು ಗೋಲಿನ ಅಂತರದಿಂದ ಗೆದ್ದರೆ ಇಬ್ಬರೂ ಒಳಗೆ, ಅಲ್ಜೀರಿಯಾ ಹೊರಗೆ. ಹತ್ತನೆಯ ನಿಮಿಷದಲ್ಲಿ ಹ್ರುಬೆಶ್ ಗೋಲು ಹೊಡೆದರು. ಉಳಿದ ಎಂಬತ್ತು ನಿಮಿಷ ಎರಡೂ ತಂಡಗಳು ಚೆಂಡನ್ನು ಹಿಂದಕ್ಕೂ ಅಡ್ಡಕ್ಕೂ ತಳ್ಳುತ್ತಾ ಹೊತ್ತು ಕಳೆದವು. ಗ್ಯಾಲರಿಯಲ್ಲಿದ್ದ ಅಲ್ಜೀರಿಯನ್ನರು ನೋಟುಗಳನ್ನು ಬೀಸಿ ತೋರಿಸಿದರು. ಆಸ್ಟ್ರಿಯಾದ ವೀಕ್ಷಕ ವಿವರಣೆಗಾರ ನಿಮ್ಮ ಟಿವಿ ಆರಿಸಿಬಿಡಿ ಎಂದು ತನ್ನ ದೇಶದ ಜನರಿಗೇ ಹೇಳಿದರು. ಗಿಹೋನ್‌ನ ಪತ್ರಿಕೆಯೊಂದು ಪಂದ್ಯದ ವರದಿಯನ್ನು ಅಪರಾಧ ಸುದ್ದಿಗಳ ಪುಟದಲ್ಲಿ ಹಾಕಿತು. ಅಲ್ಜೀರಿಯಾ ದೂರು ಕೊಟ್ಟಿತು. ಯಾವ ನಿಯಮವೂ ಮುರಿದಿಲ್ಲ ಎಂದು ಫಿಫಾ ತಳ್ಳಿಹಾಕಿತು. ನಿಜ, ಮುರಿದಿರಲಿಲ್ಲ, ಇಲ್ಲದ ನಿಯಮವನ್ನು ಮುರಿಯುವುದು ಹೇಗೆ? 1986ರ ವಿಶ್ವಕಪ್ಪಿನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ಬಂತು.

ಈ ಪ್ರಸಂಗ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರವಿದೆ, ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಿಲಿ ವಿರುದ್ಧದ ಪಂದ್ಯದ ವಿರಾಮದ ವೇಳೆಗೆ ಅಲ್ಜೀರಿಯಾ 3-0ರಿಂದ ಮುಂದಿತ್ತು. ವಿರಾಮದ ನಂತರ ಎರಡು ಗೋಲು ಬಿಟ್ಟುಕೊಟ್ಟಿತು. ಆ ಎರಡೂ ಗೋಲುಗಳನ್ನು ತಡೆದು 3-0ರಲ್ಲೇ ಮುಗಿಸಿದ್ದರೆ ಅಲ್ಜೀರಿಯಾದ ಒಟ್ಟು ಲೆಕ್ಕ ಐದು ಗೋಲು ಹೊಡೆದು ಮೂರು ಬಿಟ್ಟುಕೊಟ್ಟದ್ದು ಎಂದಾಗುತ್ತಿತ್ತು. ಜರ್ಮನಿಯ ಎದುರು 0-1ರಿಂದ ಸೋತ ಆಸ್ಟ್ರಿಯಾದ್ದು ಮೂರು ಹೊಡೆದು ಒಂದು ಬಿಟ್ಟದ್ದು. ಅಂತರ ಸಮ, ಹೊಡೆದ ಗೋಲು ಅಲ್ಜೀರಿಯಾದ್ದೇ ಹೆಚ್ಚು. ಆಗ 1-0ರ ಆಟ ಆಸ್ಟ್ರಿಯಾಕ್ಕೆ ಸಾಕಾಗುತ್ತಿರಲಿಲ್ಲ, ಅವರು ಬೆವರು ಸುರಿಸಿ ಆಡಲೇಬೇಕಿತ್ತು. ಇದು ಆ ಇಬ್ಬರ ನಡತೆಯನ್ನು ಸಮರ್ಥಿಸುವುದಿಲ್ಲ. ಆದರೆ ಬರೀ ಮೋಸಹೋದವರಾಗಿ ಅಲ್ಜೀರಿಯಾದವರನ್ನು ನೆನೆಯುವುದು ಅವರಿಗೆ ಮಾಡುವ ಗೌರವವಲ್ಲ ಎಂದು ನನಗೆ ಅನಿಸುತ್ತದೆ. ಅವರು ಚೆನ್ನಾಗಿ ಆಡಿದರು, ನಲವತ್ತೈದು ನಿಮಿಷ ಕೆಟ್ಟದಾಗಿಯೂ ಆಡಿದರು.

ಆ ತಂಡದ ಮಜೇರ್ ಐದು ವರ್ಷಗಳ ನಂತರ ಪೋರ್ಚುಗಲ್ಲಿನ ಪೋರ್ಟೊ ಪರವಾಗಿ ಯುರೋಪಿಯನ್ ಕಪ್ ಫೈನಲ್ ಆಡಿದರು. ಎದುರಾಳಿ ಬಯರ್ನ್ ಮ್ಯೂನಿಕ್. ಗೋಲಿಗೆ ಬೆನ್ನು ಮಾಡಿ ನಿಂತು ಹಿಮ್ಮಡಿಯಿಂದ ತಟ್ಟಿದ ಆ ಗೋಲು ಅವರನ್ನು ಅಮರರನ್ನಾಗಿಸಿತು. ಜರ್ಮನ್ನರಿಗೆ ಅವರ ಹೆಸರು ಎರಡನೆಯ ಸಲ ಕಹಿಯಾಯಿತು.

1990ರಲ್ಲಿ ಆಫ್ರಿಕಾ ಕಪ್ ಅಲ್ಜೀರಿಯಾದಲ್ಲೇ ನಡೆಯಿತು. ಮೊದಲ ಪಂದ್ಯದಲ್ಲಿ ನೈಜೀರಿಯಾವನ್ನು 5-1ರಿಂದ ಬಗ್ಗುಬಡಿದವರು ಫೈನಲ್‌ನಲ್ಲಿ ಅದೇ ನೈಜೀರಿಯಾವನ್ನು 1-0ರಿಂದ ಸೋಲಿಸಿ ಮೊದಲ ಬಾರಿಗೆ ಖಂಡದ ಚಾಂಪಿಯನ್ ಆದರು. ಆಡಿದ ಕ್ರೀಡಾಂಗಣದ ಹೆಸರೇ ‘ಜುಲೈ 5, 1962’. ಕೋಚ್ ಅಬ್ದುಲ್ ಹಮೀದ್ ಕರ್ಮಾಲಿ, ಮೂವತ್ತೆರಡು ವರ್ಷದ ಹಿಂದೆ ಮೆಖ್ಲೂಫಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಗಡಿ ದಾಟಿಸಿದವರು. ಗೆಲುವಿನ ಗೋಲು ಶೆರಿಫ್ ಊಜಾನಿಯದ್ದು. ಅವರ ತಂದೆ ಅಹ್ಮದ್ ಊಜಾನಿ ಫ್ರಾನ್ಸಿನ ಲಾನ್ಸ್ ಕ್ಲಬ್ಬನ್ನು ಬಿಟ್ಟು ಎಫ್‌ಎಲ್‌ಎನ್ ತಂಡ ಸೇರಿದ್ದವರು. ಕಾದಂಬರಿಕಾರ ಹೀಗೆ ಬರೆದರೆ ವಿಮರ್ಶಕರು ಹುಬ್ಬೇರಿಸುತ್ತಾರೆ.

ಅಲ್ಲಿಂದ ಇಳಿಜಾರು. 1992ರಲ್ಲಿ ಆರಂಭವಾದ ಅಂತರ್ಯುದ್ಧದ ದಶಕದಲ್ಲಿ ಆ ದೇಶ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 1995ರಲ್ಲಿ ಫುಟ್ಬಾಲ್ ಫೆಡರೇಷನ್‌ನ ಅಧ್ಯಕ್ಷರೇ ಕೊಲೆಯಾದರು. ಅಂಥ ವರ್ಷಗಳಲ್ಲಿ ತಂಡದ ಸೋಲು ಗೆಲುವುಗಳನ್ನು ಎಣಿಸಲು ನನಗೆ ಮನಸ್ಸಿಲ್ಲ.

2001ರ ಅಕ್ಟೋಬರ್ 6ರಂದು ಪ್ಯಾರಿಸ್ಸಿನ ಹೊರವಲಯದ ಸ್ತಾದ್ ದ ಫ್ರಾನ್ಸ್‌ನಲ್ಲಿ ಫ್ರಾನ್ಸ್ ಮತ್ತು ಅಲ್ಜೀರಿಯಾದ ಮುಖ್ಯ ತಂಡಗಳು ಮೊದಲ ಬಾರಿಗೆ ಎದುರಾದವು. ಫ್ರಾನ್ಸ್ ಆಗ ವಿಶ್ವ ಚಾಂಪಿಯನ್. ಅದರ ನಕ್ಷತ್ರ ಜಿನೆದಿನ್ ಜಿದಾನ್, ಅಲ್ಜೀರಿಯಾದಿಂದ ವಲಸೆ ಬಂದ ದಂಪತಿಗೆ ಮಾರ್ಸೇಯ್‌ನಲ್ಲಿ ಹುಟ್ಟಿದ ಮಗ. ಸಮಾಧಾನದ ಪಂದ್ಯವೆಂದು ಏರ್ಪಡಿಸಿದ್ದು. ಫ್ರೆಂಚ್ ರಾಷ್ಟ್ರಗೀತೆಗೆ ಗ್ಯಾಲರಿಯಿಂದ ಸಿಳ್ಳೆ ಕೂಗುಗಳು ಬಿದ್ದವು. ಫ್ರಾನ್ಸ್ 4-1ರಿಂದ ಮುಂದಿದ್ದಾಗ, 76ನೇ ನಿಮಿಷದಲ್ಲಿ ಯುವಕರು ಮೈದಾನಕ್ಕೆ ನುಗ್ಗಿದರು, ಪಂದ್ಯ ಅಲ್ಲಿಗೇ ನಿಂತಿತು. ನುಗ್ಗಿದವರಲ್ಲಿ ಬಹಳ ಮಂದಿ ಅಲ್ಜೀರ್ಸ್‌ನಿಂದ ಬಂದವರಲ್ಲ, ಪ್ಯಾರಿಸ್ಸಿನ ಉಪನಗರಗಳಲ್ಲೇ ಹುಟ್ಟಿ ಬೆಳೆದ ಹುಡುಗರು. ಅಲ್ಜೀರಿಯಾದ ಏಕೈಕ ಗೋಲನ್ನು ಫ್ರೀ ಕಿಕ್‌ನಲ್ಲಿ ಹೊಡೆದವರು ಅಂಥದ್ದೇ ಒಂದು ಉಪನಗರದ ಹುಡುಗ, ಜಮಾಲ್ ಬೆಲ್ಮಾದಿ. ಹೆಸರು ನೆನಪಿರಲಿ.

ಈ ಹುಡುಗರೇ ಮುಂದೆ ತಂಡವನ್ನು ಎತ್ತಿದವರು. ಒಂದು ದೇಶದ ಕಿರಿಯರ ತಂಡದಲ್ಲಿ ಆಡಿದವರು ಮತ್ತೊಂದು ದೇಶಕ್ಕೆ ಬದಲಾಗಲು ಇಪ್ಪತ್ತೊಂದು ವರ್ಷದ ವಯೋಮಿತಿ ಇತ್ತು. ಅದನ್ನು ತೆಗೆಯಬೇಕೆಂದು ಅಲ್ಜೀರಿಯಾದ ಫೆಡರೇಷನ್ ಪಟ್ಟುಹಿಡಿಯಿತು, 2009ರಲ್ಲಿ ಫಿಫಾ ತೆಗೆಯಿತು. ಅದೇ ನವೆಂಬರ್‌ನಲ್ಲಿ, 24 ವರ್ಷಗಳ ನಂತರ ಅಲ್ಜೀರಿಯಾವನ್ನು ವಿಶ್ವಕಪ್ಪಿಗೆ ಕರೆದೊಯ್ದ ಗೋಲನ್ನು ಸುಡಾನಿನಲ್ಲಿ ಈಜಿಪ್ಟ್ ವಿರುದ್ಧ ಹೊಡೆದ ಅಂತರ್ ಯಾಹಿಯಾ ಫ್ರಾನ್ಸಿನ ಮ್ಯುಲೂಸ್‌ನಲ್ಲಿ ಹುಟ್ಟಿ, ಫ್ರಾನ್ಸಿನ ಕಿರಿಯರ ತಂಡಗಳಲ್ಲಿ ಆಡಿದ್ದವರು. (ಆ ಪಂದ್ಯಗಳ ಸುತ್ತ ಕೈರೊದಲ್ಲಿ ಬಸ್ಸಿಗೆ ಕಲ್ಲು ಬಿದ್ದು, ಎರಡು ಸರ್ಕಾರಗಳು ಜಗಳವಾಡಿದ್ದು ಬೇರೆಯೇ ಪುರಾಣ.) 2014ರ ವಿಶ್ವಕಪ್ ತಂಡದ ಇಪ್ಪತ್ತಮೂರು ಮಂದಿಯಲ್ಲಿ ಹದಿನಾರು ಜನ ಹುಟ್ಟಿದ್ದು ಫ್ರಾನ್ಸಿನಲ್ಲಿ. 1958ರಲ್ಲಿ ಕದ್ದುಮುಚ್ಚಿ ನಡೆದ ಪ್ರಯಾಣ ಈಗ ಅರ್ಜಿ ತುಂಬಿ, ಸಹಿ ಹಾಕಿ ಮಾಡುವ ಪ್ರಯಾಣವಾಗಿತ್ತು. ಇದನ್ನು ಮೂಗು ಮುರಿದು ನೋಡುವವರು ಎರಡೂ ದೇಶಗಳಲ್ಲಿದ್ದಾರೆ. ಫ್ರಾನ್ಸಿನ ತಂಡದಲ್ಲಿ ಜಾಗ ಸಿಗದವರು ಬರುತ್ತಾರೆ ಎಂದು ಅಲ್ಲಿಯವರು, ನಮ್ಮ ಮಣ್ಣಿನ ಹುಡುಗರಿಗೆ ಅವಕಾಶವಿಲ್ಲ ಎಂದು ಅಲ್ಜೀರಿಯಾದವರು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಅಲ್ಜೀರಿಯಾದ ಮೊದಲ ತಂಡವೇ ಫ್ರೆಂಚ್ ಕ್ಲಬ್ಬುಗಳಲ್ಲಿ ಪಳಗಿದವರದ್ದು ಎಂಬುದನ್ನು ಮರೆತು ಈ ಜಗಳ ಆಡಬಾರದು.

2014ರ ಆ ವಿಶ್ವಕಪ್ಪಿನ ಎರಡನೆಯ ಸುತ್ತಿನಲ್ಲಿ ಎದುರಾದದ್ದು ಜರ್ಮನಿ. ನಮ್ಮಲ್ಲಿ ರಾತ್ರಿ ಒಂದೂವರೆ ಗಂಟೆಗೆ ಆರಂಭವಾದ ಪಂದ್ಯ. ಮರುದಿನದ ಕಚೇರಿಯನ್ನು ಮರೆತು ನೋಡಿದ್ದಕ್ಕೆ ನನಗೆ ವಿಷಾದವಿಲ್ಲ. ರಂಜಾನ್ ಆಗಷ್ಟೇ ಆರಂಭವಾಗಿತ್ತು. ಜರ್ಮನ್ ಗೋಲ್‌ಕೀಪರ್ ನೊಯರ್ ಮತ್ತೆ ಮತ್ತೆ ತನ್ನ ಜಾಗ ಬಿಟ್ಟು ಎಷ್ಟೋ ದೂರ ಓಡಿಬಂದು ಚೆಂಡನ್ನು ಅಟ್ಟಬೇಕಾಯಿತು; ಅಲ್ಜೀರಿಯಾದ ಮುಂಪಡೆ ಅಷ್ಟು ವೇಗವಾಗಿ ಜರ್ಮನ್ ರಕ್ಷಣೆಯ ಬೆನ್ನ ಹಿಂದಕ್ಕೆ ನುಗ್ಗುತ್ತಿತ್ತು. ಈ ತುದಿಯಲ್ಲಿ ಅಲ್ಜೀರಿಯಾದ ಗೋಲ್‌ಕೀಪರ್ ಎಂಬೊಲ್ಹಿ ಒಂದಾದ ಮೇಲೊಂದು ಹೊಡೆತ ತಡೆದರು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತರು, ಒಂದು ಗೋಲನ್ನು ಜಾಬೂ ಕೊನೆಯ ಕ್ಷಣದಲ್ಲಿ ಹೊಡೆದರು. ಜರ್ಮನಿ ಮುಂದೆ ಬ್ರೆಜಿಲ್ಲಿಗೆ ಏಳು ಗೋಲು ಹೊಡೆದು ಕಪ್ಪನ್ನೂ ಗೆದ್ದಿತು. ಆ ತಿಂಗಳಲ್ಲಿ ಜರ್ಮನಿಯ ಬೆವರಿಳಿಸಿದವರಲ್ಲಿ ನಾನು ಮೊದಲ ಹೆಸರು ಹೇಳುವುದು ಅಲ್ಜೀರಿಯಾದ್ದು. ಅಲ್ಜೀರಿಯಾವನ್ನು ಜರ್ಮನಿ ಸೋಲಿಸಿದ್ದು ಅಂದೇ ಮೊದಲು.

2019ರ ಫೆಬ್ರವರಿಯಿಂದ ಅಲ್ಜೀರಿಯಾದ ಬೀದಿಗಳು ಪ್ರತಿ ಶುಕ್ರವಾರ ತುಂಬಿ ಹರಿದವು. ಇಪ್ಪತ್ತು ವರ್ಷದಿಂದ ಕುರ್ಚಿಯಲ್ಲಿದ್ದ, ಮಾತೂ ಆಡಲಾಗದಷ್ಟು ಕಾಯಿಲೆಯಿದ್ದ ಅಧ್ಯಕ್ಷ ಬೂತೆಫ್ಲಿಕಾ ಐದನೆಯ ಅವಧಿಗೆ ನಿಲ್ಲಹೊರಟಿದ್ದರ ವಿರುದ್ಧ ಎದ್ದ ಜನ. ಮೆರವಣಿಗೆಯಲ್ಲಿ ಹಾಡಿದ್ದು ಫುಟ್ಬಾಲ್ ಗ್ಯಾಲರಿಗಳಲ್ಲಿ ಅಭಿಮಾನಿಗಳು ಕಟ್ಟಿದ ಹಾಡುಗಳನ್ನು. ಬಾಯಿ ಬಿಡಲು ಬೇರೆ ಜಾಗವಿಲ್ಲದ ದೇಶದಲ್ಲಿ ಕ್ರೀಡಾಂಗಣವೇ ಶಾಸನಸಭೆಯಾಗಿತ್ತು. ಏಪ್ರಿಲ್ 2ರಂದು ಬೂತೆಫ್ಲಿಕಾ ರಾಜೀನಾಮೆ ಕೊಟ್ಟರು. ಜೂನ್ ಮತ್ತು ಜುಲೈನಲ್ಲಿ ಈಜಿಪ್ಟ್‌ನಲ್ಲಿ ಆಫ್ರಿಕಾ ಕಪ್. ಕೋಚ್ ಬೆಲ್ಮಾದಿ, ಆ 2001ರ ಹುಡುಗ. ನಾಯಕ ರಿಯಾದ್ ಮಹ್ರೆಜ್, ಪ್ಯಾರಿಸ್ಸಿನ ಉಪನಗರ ಸಾರ್ಸೆಲ್‌ನಲ್ಲಿ ಹುಟ್ಟಿದವರು. ನೈಜೀರಿಯಾ ವಿರುದ್ಧದ ಸೆಮಿಫೈನಲ್‌ನ 95ನೇ ನಿಮಿಷದಲ್ಲಿ ಫ್ರೀ ಕಿಕ್‌ನಿಂದ ಅವರು ಗೆಲುವಿನ ಗೋಲು ಹೊಡೆದ ದಿನ ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ದಿನ. ಬೆಳಿಗ್ಗೆ ಸೈನ್ಯದ ಪಥಸಂಚಲನ ನಡೆದ ಪ್ಯಾರಿಸ್ಸಿನ ಅದೇ ಹೆದ್ದಾರಿಯಲ್ಲಿ ರಾತ್ರಿ ಹಸಿರು ಬಿಳಿ ಬಾವುಟಗಳು ಹಾರಾಡಿದವು. ಸೆನೆಗಲ್ ವಿರುದ್ಧದ ಫೈನಲ್ ಆಟವಾಗಿ ನೀರಸ: ಎರಡನೆಯ ನಿಮಿಷದಲ್ಲಿ ಬೂನೆಜಾ ಹೊಡೆದ ಚೆಂಡು ಎದುರಾಳಿಗೆ ತಾಗಿ ಎತ್ತರಕ್ಕೆ ಚಿಮ್ಮಿ ಗೋಲಿನೊಳಗೆ ಇಳಿಯಿತು, ಉಳಿದದ್ದೆಲ್ಲ ಕಾವಲು ಕಾಯುವ ಕೆಲಸ. ಜನರನ್ನು ಕೈರೊಗೆ ಸೇನೆಯ ವಿಮಾನಗಳಲ್ಲಿ ಕಳುಹಿಸಿಕೊಟ್ಟ ಸರ್ಕಾರ ಗೆಲುವನ್ನು ತನ್ನದೆಂದು ಹೇಳಿಕೊಳ್ಳಲು ನೋಡಿತು. ಕಪ್ ಬಂದ ಮುಂದಿನ ಶುಕ್ರವಾರಗಳಲ್ಲೂ ಬೀದಿ ತುಂಬಿಯೇ ಇತ್ತು.

ಆಮೇಲೆ ಎಡವಿದ್ದೂ ಉಂಟು. 35 ಪಂದ್ಯ ಸೋಲಿಲ್ಲದೆ ನಡೆದ ಓಟ 2022ರ ಆಫ್ರಿಕಾ ಕಪ್‌ನಲ್ಲಿ ಪುಟ್ಟ ಈಕ್ವಟೋರಿಯಲ್ ಗಿನಿಯ ಎದುರು ನಿಂತಿತು. ಅದೇ ಮಾರ್ಚ್‌ನಲ್ಲಿ ಬ್ಲಿದಾ ನಗರದಲ್ಲಿ ಹೆಚ್ಚುವರಿ ಸಮಯವೂ ಮೀರಿದ ಮೇಲೆ ಕ್ಯಾಮರೂನಿನ ತೋಕೊ ಎಕಾಂಬಿ ಹೊಡೆದ ಗೋಲು ಕತಾರ್ ವಿಶ್ವಕಪ್ಪಿನ ಬಾಗಿಲು ಮುಚ್ಚಿತು. 2024ರ ನವೆಂಬರ್‌ನಲ್ಲಿ ಮೆಖ್ಲೂಫಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಸೆಂತ್ ಎತಿಯೆನ್‌ನಲ್ಲೂ ಅಲ್ಜೀರ್ಸ್‌ನಲ್ಲೂ ಅವರನ್ನು ತಮ್ಮವರೆಂದೇ ಹೇಳಿ ಬೀಳ್ಕೊಟ್ಟರು. ಮುಂದಿನ ವರ್ಷ ಜಿದಾನ್‌ರ ಮಗ, ಗೋಲ್‌ಕೀಪರ್ ಲುಕಾ ಜಿದಾನ್, ಫ್ರಾನ್ಸ್ ಬಿಟ್ಟು ಅಲ್ಜೀರಿಯಾದ ಪರ ಆಡಲು ಫಿಫಾದ ಅನುಮತಿ ಪಡೆದರು. ಅಜ್ಜ ಬಿಟ್ಟುಬಂದ ದೇಶದ ಗೋಲು ಕಾಯಲು ಮೊಮ್ಮಗ ಹೊರಟ.

2025ರ ಅಕ್ಟೋಬರ್‌ನಲ್ಲಿ ಸೊಮಾಲಿಯಾವನ್ನು 3-0ರಿಂದ ಸೋಲಿಸಿ ಅಲ್ಜೀರಿಯಾ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಡಿಸೆಂಬರ್‌ನಲ್ಲಿ ಚೀಟಿ ಎತ್ತಿದಾಗ ಬಂದ ಗುಂಪನ್ನು ನೋಡಿ ನಾನು ಒಬ್ಬನೇ ನಕ್ಕೆ: ಅರ್ಜೆಂಟೀನ, ಜೋರ್ಡನ್, ಅಲ್ಜೀರಿಯಾ ಮತ್ತು ಆಸ್ಟ್ರಿಯಾ. ಪಂದ್ಯಪಟ್ಟಿಯಲ್ಲಿ ಗುಂಪಿನ ಕೊನೆಯ ದಿನ ಅಲ್ಜೀರಿಯಾಕ್ಕೆ ಎದುರಾಳಿ ಆಸ್ಟ್ರಿಯಾ, ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ ಉಳಿದಿಬ್ಬರ ಪಂದ್ಯ. 1982ರ ನಂತರ ಬಂದ ಪದ್ಧತಿಯಂತೆಯೇ. ಆದರೆ ಈಗ 48 ತಂಡಗಳು, ಹನ್ನೆರಡು ಗುಂಪುಗಳು. ಮೂರನೆಯ ಸ್ಥಾನದಲ್ಲಿರುವ ಹನ್ನೆರಡರಲ್ಲಿ ಎಂಟು ತಂಡಗಳಿಗೂ ಮುಂದಿನ ಸುತ್ತಿಗೆ ದಾರಿಯಿದೆ. ಈ ಗುಂಪಿನ ಪಂದ್ಯಗಳು ಎಲ್ಲರಿಗಿಂತ ಕೊನೆಯ ದಿನವಾದ ಜೂನ್ 27ಕ್ಕೆ ಬರುವುದರಿಂದ, ಬೇರೆ ಗುಂಪುಗಳ ಫಲಿತಾಂಶ ಬಹುಪಾಲು ಗೊತ್ತಾದ ಮೇಲೆಯೇ ಇವರು ಮೈದಾನಕ್ಕಿಳಿಯುವುದು. ಎಷ್ಟು ಅಂಕ ಸಾಕು, ಎಷ್ಟು ಗೋಲು ಸಾಕು ಎಂಬ ಲೆಕ್ಕ ಮೊದಲೇ ಕೈಯಲ್ಲಿ ಹಿಡಿದು ಆಡುವ ಸರದಿ ಈ ಸಲ ಆಸ್ಟ್ರಿಯಾದ ಜೊತೆಗೆ ಅಲ್ಜೀರಿಯಾದ್ದು.